ಕ್ಯಾಪಿಟಲ್ ಅಕ್ಷರ ಮರ್ಯಾದೆಗಲ್ಲ!

ಕೆಲಸಕ್ಕೆ ಹಾಕುವ ಇಂಗ್ಲಿಷ್ ಅರ್ಜಿ ತಿದ್ದಿಕೊಡಿ ಅಂತ ನನಗೆ ಆಗಾಗ ಕಳಿಸ್ತಾರೆ. ವ್ಯಾಕರಣ ಸರಿಯಾಗೇ ಇರುತ್ತೆ. ಆದರೆ 'ಮ್ಯಾನೇಜರ್', 'ಡಿಗ್ರಿ', 'ಎಕ್ಸ್‌ಪೀರಿಯೆನ್ಸ್' ಎಲ್ಲದಕ್ಕೂ ಕ್ಯಾಪಿಟಲ್! ಮುಖ್ಯವಾದ ಪದ, ಸ್ವಲ್ಪ ಮರ್ಯಾದೆ ಇರಲಿ ಅನ್ನೋ ಭಾವನೆ. ಕನ್ನಡ ಲಿಪಿಯಲ್ಲಿ ಈ ಭೇದವೇ ಇಲ್ಲ, ಹಾಗಾಗಿ ಗೊಂದಲ ಸಹಜ.

ಇಂಗ್ಲಿಷಿನಲ್ಲಿ ಕ್ಯಾಪಿಟಲ್ ಹಾಕೋದು ಮುಖ್ಯವಾಗಿ ಎರಡು ಕಾರಣಕ್ಕೆ. ಒಂದು, ವಾಕ್ಯ ಶುರುವಾಯ್ತು ಅನ್ನೋಕೆ. ಇನ್ನೊಂದು, ಇದು ಹೆಸರು ಅಂತ ತೋರಿಸೋಕೆ. ಯಾವುದೋ ಒಂದು ನದಿ ಅಂದ್ರೆ 'ರಿವರ್'ಗೆ ಸ್ಮಾಲ್ ಆರ್. 'ಕಾವೇರಿ ರಿವರ್' ಅಂದಾಗ ಎರಡಕ್ಕೂ ಕ್ಯಾಪಿಟಲ್. 'ಮೈ ಮದರ್' ಅಂದ್ರೆ ಸ್ಮಾಲ್ ಎಮ್. ಆದರೆ ಅಮ್ಮನನ್ನೇ 'ಮದರ್' ಅಂತ ಕೂಗಿದರೆ ಕ್ಯಾಪಿಟಲ್, ಯಾಕಂದ್ರೆ ಅಲ್ಲಿ ಅದೇ ಅವರ ಹೆಸರಿದ್ದ ಹಾಗೆ.

ವಾರ, ತಿಂಗಳು, ಭಾಷೆಗಳ ಹೆಸರಿಗೆ ಕ್ಯಾಪಿಟಲ್ ಬೇಕು. 'ಸಮ್ಮರ್', 'ವಿಂಟರ್'ಗೆ ಬೇಡ. ಇದಕ್ಕೆ ತರ್ಕ ಹುಡುಕಬೇಡಿ, ರೂಢಿ ಅಷ್ಟೇ. 'ನಾನು' ಅನ್ನೋ 'ಐ' ವಾಕ್ಯದಲ್ಲಿ ಎಲ್ಲಿ ಬಂದರೂ ಕ್ಯಾಪಿಟಲ್ಲೇ.

ಕೆಲವು ಸಲ ಅರ್ಥವೇ ಬದಲಾಗುತ್ತೆ. ಕ್ಯಾಪಿಟಲ್ ಪಿ ಇದ್ದರೆ 'ಪೋಲಿಶ್', ಅಂದರೆ ಪೋಲೆಂಡಿನ ಭಾಷೆ. ಅದೇ ಸ್ಪೆಲ್ಲಿಂಗ್‌ಗೆ ಸ್ಮಾಲ್ ಪಿ ಹಾಕಿದರೆ ಬೂಟಿನ 'ಪಾಲಿಶ್'!

ಬ್ಯಾಂಕ್ ಫಾರಂನಲ್ಲಿ ಪೂರ್ತಿ ಕ್ಯಾಪಿಟಲ್ ಕೇಳ್ತಾರಲ್ಲ, ಅದು ಕೈಬರಹ ಸ್ಪಷ್ಟವಾಗಿರಲಿ ಅಂತ. ಆ ಅಭ್ಯಾಸ ಇಮೇಲ್‌ಗೆ ತರಬೇಡಿ. ಓದೋರಿಗೆ ನೀವು ಕಿರುಚಿದ ಹಾಗೆ ಕೇಳಿಸುತ್ತೆ.