ಬಿ.ಎ. ಫ್ರೆಂಚ್ ಓದಬೇಕು ಅಂದ್ರೆ ಎಲ್ಲಿಗೆ ಹೋಗಬೇಕು? ಬಸವಕಲ್ಯಾಣ, ಹುಮನಾಬಾದ್ ಪಾಲಕರಿಗೆ ಒಂದು ಮಾಹಿತಿ

ಬಸವಕಲ್ಯಾಣ/ಹುಮನಾಬಾದ್: ದ್ವಿತೀಯ ಪಿಯುಸಿ ಓದುವ ಮಕ್ಕಳಿರುವ ಮನೆಗಳಲ್ಲಿ ಒಂದೇ ಮಾತು, ಮುಂದೇನು? ನೀಟ್, ಕೆಸಿಇಟಿ, ಬಿ.ಕಾಂ., ನರ್ಸಿಂಗ್, ಡಿ.ಫಾರ್ಮಸಿ ಬಗ್ಗೆ ಹೇಳುವವರು ಓಣಿಗೊಬ್ಬರು ಸಿಗ್ತಾರೆ. ಮಗಳು ಬಂದು "ಅಪ್ಪಾ, ನಾ ಫ್ರೆಂಚ್ ಓದ್ತೀನಿ" ಅಂದರೆ ಮಾತ್ರ ಗಲ್ಲಾ ಮೇಲೆ ಕೂತ ಅಪ್ಪನಿಗೆ ಯಾರನ್ನು ಕೇಳಬೇಕು ಅನ್ನುವುದೇ ಗೊತ್ತಾಗುವುದಿಲ್ಲ. "ಫ್ರೆಂಚ್ ಕಲ್ತು ಏನ್ ಮಾಡ್ತಾಳ್ರಿ? ಬಿ.ಎ. ಅಂದ್ರ ಬಿ.ಎ.ನೇ ಅದ" ಅನ್ನುವ ಮಾತು ಬರುವುದು ಸಹಜ. ಪ್ರಶ್ನೆ ತಪ್ಪಲ್ಲ. ಮೂರು-ನಾಲ್ಕು ವರ್ಷದ ಹಾಸ್ಟೆಲ್ ಖರ್ಚು ಹಾಕುವವರು ಕೇಳಲೇಬೇಕಾದ ಪ್ರಶ್ನೆ ಅದು.

ಮೊದಲು ಎರಡು ಬೇರೆ ಬೇರೆ ಓದುಗಳನ್ನು ಬಿಡಿಸಿ ನೋಡೋಣ. ಬೆಂಗಳೂರಿನ ಹಲವು ಡಿಗ್ರಿ ಕಾಲೇಜುಗಳಲ್ಲಿ ಕನ್ನಡ, ಹಿಂದಿ, ಸಂಸ್ಕೃತದ ಹಾಗೆ ಫ್ರೆಂಚ್ ಕೂಡ ಒಂದು ಭಾಷಾ ವಿಷಯ. ಬಿ.ಕಾಂ. ಹುಡುಗ ಅದನ್ನು ಕೆಲವು ಸೆಮಿಸ್ಟರ್ ಓದಿ ಪಾಸಾಗುತ್ತಾನೆ, ಅಷ್ಟೇ. ಅದು ಫ್ರೆಂಚ್ ಪದವಿ ಅಲ್ಲ. ಫ್ರೆಂಚ್ ಅನ್ನೇ ಮುಖ್ಯ ವಿಷಯವಾಗಿ, ಭಾಷೆ, ಸಾಹಿತ್ಯ, ಇತಿಹಾಸ, ಅನುವಾದ ಎಲ್ಲಾ ಸೇರಿಸಿ ಓದುವ ಬಿ.ಎ. ಆನರ್ಸ್ ಬೇರೆ. ಅದನ್ನು ಕೊಡುವ ಸಂಸ್ಥೆಗಳು ದೇಶದಲ್ಲೇ ಕಡಿಮೆ. ದೆಹಲಿಯ ಜೆಎನ್‌ಯು ಮತ್ತು ದೆಹಲಿ ವಿಶ್ವವಿದ್ಯಾಲಯ ಹೆಸರು ಮಾಡಿದವು. ನಮಗೆ ಹತ್ತಿರದ್ದು ಹೈದರಾಬಾದಿನಲ್ಲಿದೆ.

ತಾರ್ನಾಕಾದ ಆ ಕ್ಯಾಂಪಸ್

ಉಸ್ಮಾನಿಯಾ ವಿಶ್ವವಿದ್ಯಾಲಯದ ಪಕ್ಕದಲ್ಲೇ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಇದೆ. ಮಕ್ಕಳು ಅದನ್ನು 'ಇಫ್ಲು' ಅಂತಾರೆ. 1958ರಲ್ಲಿ ಇಂಗ್ಲಿಷ್ ಕಲಿಸುವವರಿಗೆ ತರಬೇತಿ ಕೊಡುವ ಸಂಸ್ಥೆಯಾಗಿ ಶುರುವಾಗಿ, 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಫ್ರೆಂಚ್ ಜೊತೆಗೆ ಜರ್ಮನ್, ಸ್ಪ್ಯಾನಿಷ್, ರಷ್ಯನ್, ಜಪಾನೀಸ್, ಅರಬ್ಬಿ ಭಾಷೆಗಳಲ್ಲೂ ಅಲ್ಲಿ ಪದವಿ ಉಂಟು. ಕೇಂದ್ರದ ಸಂಸ್ಥೆಯಾದ್ದರಿಂದ ಶುಲ್ಕ ಖಾಸಗಿ ಕಾಲೇಜಿನಷ್ಟು ಇರುವುದಿಲ್ಲ. ಹುಮನಾಬಾದಿನಿಂದ ಹೆದ್ದಾರಿ 65ರ ಮೇಲೆ ಜಹೀರಾಬಾದ್ ದಾಟಿದರೆ ಸುಮಾರು 160 ಕಿ.ಮೀ. ಬಸವಕಲ್ಯಾಣದವರಿಗೆ ಸಸ್ತಾಪುರ ಬಂಗ್ಲಾದಿಂದ ಇನ್ನೊಂದಿಷ್ಟು ಹೆಚ್ಚು. ಬೆಂಗಳೂರು 600 ಕಿ.ಮೀ. ಮೇಲೆ. ಹಬ್ಬಕ್ಕೆ ಮನೆಗೆ ಬಂದು ಹೋಗುವ ಮಾತಾದರೆ ನಮ್ಮ ಭಾಗಕ್ಕೆ ಹೈದರಾಬಾದೇ ಹತ್ತಿರದ ಊರು, ಇದನ್ನು ಯಾರಿಗೂ ಹೇಳಿಕೊಡಬೇಕಿಲ್ಲ.

ಸೇರುವಾಗ ಫ್ರೆಂಚ್ ಬರಲೇಬೇಕು ಅನ್ನುವ ನಿಯಮ ಇಲ್ಲ. ಶೂನ್ಯದಿಂದ ಕಲಿಸುತ್ತಾರೆ. ಆದರೆ ಇಂಗ್ಲಿಷ್ ಬೇಕು. ಮೊದಲ ತಿಂಗಳುಗಳಲ್ಲಿ ವಿವರಣೆ ಇಂಗ್ಲಿಷಿನಲ್ಲಿ, ಆಮೇಲೆ ನಿಧಾನವಾಗಿ ಪಾಠವೆಲ್ಲಾ ಫ್ರೆಂಚಿಗೆ ಹೊರಳುತ್ತದೆ. ಕನ್ನಡ ಮಾಧ್ಯಮದ ಮಗು ಸೋಲುವುದು ಸಾಮಾನ್ಯವಾಗಿ ಫ್ರೆಂಚಿನಲ್ಲಲ್ಲ, ಈ ಮೊದಲ ಕೆಲ ತಿಂಗಳ ಇಂಗ್ಲಿಷಿನಲ್ಲಿ.

ತಾರೀಖು ತಪ್ಪಿದರೆ ಒಂದು ವರ್ಷ ಹೋಯಿತು

ಹೆಚ್ಚಿನವರು ಎಡವುವುದು ಇಲ್ಲೇ. 2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ ಸಿಯುಇಟಿ ಎನ್ನುವ ಪ್ರವೇಶ ಪರೀಕ್ಷೆ ಇದೆ. ನಮ್ಮಲ್ಲಿ ಪಿಯುಸಿ ರಿಸಲ್ಟ್ ಬರಲಿ, ಮಾರ್ಕ್ಸ್ ನೋಡಿ ಯೋಚನೆ ಮಾಡೋಣ ಅನ್ನುವುದು ರೂಢಿ. ಸಿಯುಇಟಿ ಅರ್ಜಿ ಮಾತ್ರ ಸಾಮಾನ್ಯವಾಗಿ ಪಿಯು ಪರೀಕ್ಷೆಯ ಆಸುಪಾಸಿನಲ್ಲೇ ಕರೆದು, ಫಲಿತಾಂಶ ಬರುವ ಮೊದಲೇ ಮುಗಿದು ಹೋಗುತ್ತದೆ. ರಿಸಲ್ಟ್ ಹಿಡಿದುಕೊಂಡು ಸೈಬರ್ ಸೆಂಟರ್‌ಗೆ ಹೋದರೆ ಆ ವರ್ಷದ ಬಾಗಿಲು ಮುಚ್ಚಿರುತ್ತದೆ. ಆದ್ದರಿಂದ ಮನಸ್ಸು ಅರ್ಧ ಇದ್ದರೂ ಅರ್ಜಿ ಮಾತ್ರ ಹಾಕಿಡಿ. ಬರೆಯುವುದು ಬಿಡುವುದು ಆಮೇಲಿನ ಮಾತು.

ಪರೀಕ್ಷೆಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಸುತ್ತಾರೆ. ಹಾಗಂತ ಫ್ರೆಂಚ್ ಕೋರ್ಸಿಗೆ ಬರೀ ಕನ್ನಡದ ಪತ್ರಿಕೆ ನಂಬಿಕೊಂಡರೆ ಆಗುವುದಿಲ್ಲ. ವಿದೇಶಿ ಭಾಷೆಯ ಪದವಿಗಳಿಗೆ ಇಂಗ್ಲಿಷ್ ಮತ್ತು ಸಾಮಾನ್ಯ ಪರೀಕ್ಷೆಯ ಅಂಕಕ್ಕೇ ತೂಕ. ಯಾವ ವಿಶ್ವವಿದ್ಯಾಲಯ ಯಾವ ಪತ್ರಿಕೆ ಕೇಳುತ್ತದೆ ಎನ್ನುವುದನ್ನು ಆ ವರ್ಷದ ಪ್ರಕಟಣೆಯಲ್ಲಿ ಓದಿಯೇ ವಿಷಯ ಟಿಕ್ ಮಾಡಿ. ಸಿಯುಇಟಿ ಬರೆದ ಮಾತ್ರಕ್ಕೆ ಸೀಟು ತಾನಾಗಿ ಬರುವುದಿಲ್ಲ. ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ ಮತ್ತೆ ಬೇರೆ ನೋಂದಣಿ ಮಾಡಬೇಕು.

371(ಜೆ) ಅಲ್ಲಿ ನಡೆಯುವುದಿಲ್ಲ

ಕಲ್ಯಾಣ ಕರ್ನಾಟಕದ ನಮಗೆ 371(ಜೆ) ಪ್ರಮಾಣಪತ್ರ ಅಂದರೆ ಕೈಯಲ್ಲಿರುವ ಬೆಳಕು. ಮೆಡಿಕಲ್, ಇಂಜಿನಿಯರಿಂಗ್, ಸರ್ಕಾರಿ ನೌಕರಿ ಎಲ್ಲದಕ್ಕೂ ಅದನ್ನೇ ಮುಂದೆ ಇಡುತ್ತೇವೆ. ಆದರೆ ಅದರ ಮೀಸಲಾತಿ ರಾಜ್ಯದ ಸಂಸ್ಥೆಗಳಿಗೆ ಮಾತ್ರ. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ, ಅದೂ ತೆಲಂಗಾಣದಲ್ಲಿ, ಅದನ್ನು ಯಾರೂ ಕೇಳುವುದಿಲ್ಲ.

ನಮ್ಮ 2ಎ, 3ಎ, 3ಬಿ ಪಟ್ಟಿಗಳೂ ಅಷ್ಟೇ. ಕೇಂದ್ರದ ಒಬಿಸಿ ಪಟ್ಟಿ ಬೇರೆ. ರಾಜ್ಯದ ಪಟ್ಟಿಯಲ್ಲಿರುವ ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲೂ ಇದೆಯೇ ಎಂದು ಮೊದಲು ನೋಡಬೇಕು. ಇದ್ದರೆ ಕೇಂದ್ರದ ನಮೂನೆಯಲ್ಲೇ ಒಬಿಸಿ ಪ್ರಮಾಣಪತ್ರ ಮಾಡಿಸಬೇಕು, ಅಲ್ಲಿ 27% ಮೀಸಲು. ಪಟ್ಟಿಯಲ್ಲಿ ಇಲ್ಲದಿದ್ದರೆ, ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗೆ ಇದ್ದು ಆಸ್ತಿಯ ಮಿತಿಯೂ ಹೊಂದಿದರೆ, ಇಡಬ್ಲ್ಯುಎಸ್‌ನ 10% ಅಡಿ ಅರ್ಜಿ ಹಾಕಬಹುದು. ರಾಜ್ಯದಲ್ಲಿ ಮೀಸಲಾತಿ ಇದೆ ಅಂತ ಇಡಬ್ಲ್ಯುಎಸ್ ಕಡೆ ನೋಡದೇ ಬಿಟ್ಟವರು ಬಹಳ ಮಂದಿ.

ಕ್ಲಾಸಿನಲ್ಲಿ ಏನು ಕಲಿಸ್ತಾರೆ?

ಮೊದಲ ವರ್ಷ ಬರೀ ಬಾಯಿ ತಿರುಗಿಸುವ ಕೆಲಸ: ಉಚ್ಚಾರ, ವ್ಯಾಕರಣ, ಸಣ್ಣ ಸಣ್ಣ ಸಂಭಾಷಣೆ. ಇಲ್ಲಿ ನಮ್ಮ ಗಡಿ ಭಾಗದ ಮಕ್ಕಳಿಗೆ ಒಂದು ಲಾಭ ಇದೆ. ಬಸವಕಲ್ಯಾಣದ ಪೇಟೆಯಲ್ಲಿ ಬೆಳೆದ ಹುಡುಗನಿಗೆ ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬಿದ್ದಿರುತ್ತವೆ. ಫ್ರೆಂಚಿನಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ಬರೀ ಕನ್ನಡ ಬಲ್ಲವರಿಗೆ ಇದು ತಲೆಬುಡ ಇಲ್ಲದ್ದು, ಹಿಂದಿ-ಮರಾಠಿ ಬಲ್ಲವರಿಗೆ ದಿನದ ಮಾತು. ಮೂಗಿನಿಂದ ಹೊರಡುವ ಸ್ವರ ಹಿಂದಿಯ 'ಮೈಂ', 'ನಹೀಂ'ಗಳಲ್ಲಿ ಆಗಲೇ ಇದೆ. ಗಂಟಲಿನಿಂದ ಬರುವ ಫ್ರೆಂಚ್ 'ರ್' ಉರ್ದುವಿನ 'ಗ಼ೈನ್' ಅಕ್ಷರಕ್ಕೆ ಬಹಳ ಹತ್ತಿರ. ಬೆಂಗಳೂರಿನ ಹುಡುಗ ತಿಂಗಳುಗಟ್ಟಲೆ ಗಂಟಲು ಸವೆಸುವ ಅಕ್ಷರ ಅದು. ಇನ್ನು 'ತ್ಯು' ಮತ್ತು 'ವು' ಅಂದರೆ ನಮ್ಮ ನೀನು, ನೀವು. ಯಾರಿಗೆ ಯಾವುದು ಅನ್ನಬೇಕು ಎನ್ನುವುದನ್ನು ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ, ಇಂಗ್ಲಿಷಿನಲ್ಲಿ ಈ ಭೇದವೇ ಇಲ್ಲ.

ಅಂಗಡಿಕಾರರಿಗೆ ರುಚಿಸುವ ವಿಷಯ ಎಂದರೆ ಎಣಿಕೆ. ಫ್ರಾನ್ಸಿನಲ್ಲಿ 70 ಎಂದರೆ 'ಅರವತ್ತು-ಹತ್ತು'. 80 ಎಂದರೆ 'ನಾಲ್ಕು ಇಪ್ಪತ್ತು'. 99 ಎಂದರೆ 'ನಾಲ್ಕು ಇಪ್ಪತ್ತು ಹತ್ತೊಂಬತ್ತು'. ಕೇಳಿದರೆ ನಗು ಬರಬಹುದು, ಆದರೆ ಹಿಂದಿ-ಮರಾಠಿ ಹಳ್ಳಿಗಳ ಹಿರಿಯರು 'ಚಾರ್ ಬೀಸಿ' ಎಂದು ಎಣಿಸಿದ್ದೂ ಇದೇ ಲೆಕ್ಕವೇ. ಬೆಲ್ಜಿಯಂ, ಸ್ವಿಟ್ಜರ್ಲೆಂಡಿನ ಫ್ರೆಂಚಿನಲ್ಲಿ 70ಕ್ಕೂ 90ಕ್ಕೂ ಸರಳ ಪದ ಇವೆ. ಇದು ಬರೀ ತಮಾಷೆಯ ಮಾತಲ್ಲ. ಫ್ರಾನ್ಸಿನವರು ಫೋನ್ ನಂಬರನ್ನು ಎರಡೆರಡು ಅಂಕಿ ಸೇರಿಸಿ ಹೇಳುತ್ತಾರೆ. ಕಸ್ಟಮರ್ ಸಪೋರ್ಟ್ ಕೆಲಸಕ್ಕೆ ಕೂತವರಿಗೆ 78, 94 ಕೇಳಿದ ಕ್ಷಣ ಬರೆದುಕೊಳ್ಳಲು ಬರದಿದ್ದರೆ ಆ ಕೆಲಸ ನಿಲ್ಲುವುದಿಲ್ಲ.

ಎರಡನೇ ವರ್ಷದಿಂದ ಸಮಾಜ, ಇತಿಹಾಸ, ಸಾಹಿತ್ಯ ಬರುತ್ತದೆ. 1789ರ ಕ್ರಾಂತಿ, ಚರ್ಚು ಮತ್ತು ಸರ್ಕಾರವನ್ನು ಬೇರ್ಪಡಿಸಿದ 1905ರ ಕಾನೂನು, ಮೊಲಿಯೇರ್, ವೋಲ್ತೇರ್, ಹ್ಯೂಗೋ, ಕಾಮು. ಫ್ರಾನ್ಸಿನ ಆಚೆಗೂ ಓದಬೇಕು, ಸೆನೆಗಲ್, ಮೊರಾಕ್ಕೋ, ಕೆನಡಾದ ಕ್ವಿಬೆಕ್ ಹೀಗೆ. ಜಗತ್ತಿನಲ್ಲಿ ಫ್ರೆಂಚ್ ಬಲ್ಲವರು 30 ಕೋಟಿಗೂ ಹೆಚ್ಚು, ಅವರಲ್ಲಿ ದೊಡ್ಡ ಪಾಲು ಇರುವುದು ಆಫ್ರಿಕಾದಲ್ಲಿ. ಪ್ಯಾರಿಸ್ ಮತ್ತು ಐಫೆಲ್ ಗೋಪುರದ ಫೋಟೋ ನೋಡಿ ಕೋರ್ಸ್ ಸೇರುವವರಿಗೆ ಇದು ಮೊದಲೇ ಗೊತ್ತಿದ್ದರೆ ಒಳ್ಳೆಯದು.

'ನಿಮ್ಮ ಊರಿನ ಬಗ್ಗೆ ಐದು ನಿಮಿಷ ಮಾತಾಡಿ' ಎನ್ನುವುದು ಇಂಥ ತರಗತಿಗಳಲ್ಲಿ ಸಾಮಾನ್ಯ ಕೆಲಸ. ಬಸವಕಲ್ಯಾಣದ ವಿದ್ಯಾರ್ಥಿ ಎದ್ದು ನಿಂತರೆ ಶರಣರ ಬಗ್ಗೆ ಹೇಳಲೇಬೇಕು, ಹೇಳಿದರೆ 'ಕಾಯಕ'ಕ್ಕೆ ಪದ ಹುಡುಕಬೇಕು. ನಿಘಂಟು 'ತ್ರಾವಾಯ್' ಎಂದು ಕೊಡುತ್ತದೆ. ಆ ಪದದ ಮೂಲ ಹಿಂಸೆ ಕೊಡುವ ಒಂದು ಸಾಧನದ ಲ್ಯಾಟಿನ್ ಹೆಸರು ಅಂತ ಪಂಡಿತರು ಹೇಳ್ತಾರೆ. ಕಷ್ಟವನ್ನು ಹೇಳುವ ಪದದಲ್ಲಿ ಕೈಲಾಸವನ್ನು ಹೇಗೆ ಹೇಳುವುದು? ಅನುವಾದ ಅಂದರೆ ಏನು ಅನ್ನುವುದು ಮಗುವಿಗೆ ಗೊತ್ತಾಗುವುದು ಇಂಥ ಕಡೆ. ಅನಂತಮೂರ್ತಿಯವರ 'ಸಂಸ್ಕಾರ' ಫ್ರೆಂಚಿಗೆ ಹೋಗಿದೆ. ಎರಡೂ ಭಾಷೆ ನೇರವಾಗಿ ಬಲ್ಲವರು ಮಾತ್ರ ಬಹಳ ಕಡಿಮೆ, ಆ ಜಾಗ ಖಾಲಿಯೇ ಇದೆ.

ಅಂದಹಾಗೆ ಫ್ರೆಂಚರಿಗೂ ನಮ್ಮ ಜಿಲ್ಲೆಗೂ ನಂಟಿಲ್ಲ ಅಂತ ತಿಳಿಯಬೇಡಿ. 17ನೇ ಶತಮಾನದ ಫ್ರೆಂಚ್ ಪ್ರವಾಸಿ ಥೆವೆನೋ ಬೀದರಿನ ಕೋಟೆಗೋಡೆ, ತೋಪುಗಳ ಬಗ್ಗೆ ಬರೆದಿದ್ದಾನೆ. 1795ರಲ್ಲಿ ನಿಜಾಮನ ಮಗ ಅಲಿ ಜಾಹ್ ದಂಗೆ ಎದ್ದು ಬೀದರ್ ಸೇರಿಕೊಂಡಾಗ ಅವನನ್ನು ಅಡಗಿಸಲು ಹೊರಟದ್ದು ರೇಮಂಡ್ ಎಂಬ ಫ್ರೆಂಚ್ ಸೇನಾನಿ. ದಿಲ್‌ಸುಖ್‌ನಗರದ ಹತ್ತಿರದ ಮೂಸಾರಾಂಬಾಗ್ ಅವನದೇ ಹೆಸರು, ಬಾಯಿಂದ ಬಾಯಿಗೆ ಸವೆದು ಹಾಗಾಗಿದೆ. ಗ್ಯಾರೇಜ್, ಹೋಟೆಲ್, ಮೆನು, ಕೂಪನ್ ಇವೂ ಫ್ರೆಂಚ್ ಪದಗಳೇ, ಇಂಗ್ಲಿಷ್ ಬಾಗಿಲಿನಿಂದ ನಮ್ಮ ಪೇಟೆಗೆ ಬಂದವು.

ಕೆಲಸ ಸಿಗ್ತದಾ?

ಸಿಗ್ತದೆ, ಆದರೆ ಪದವಿ ಕಾಗದಕ್ಕಲ್ಲ, ಭಾಷೆಯ ಮಟ್ಟಕ್ಕೆ. ಫ್ರೆಂಚಿನ ಮಟ್ಟವನ್ನು ಎ1, ಎ2, ಬಿ1, ಬಿ2, ಸಿ1, ಸಿ2 ಎಂದು ಅಳೆಯುತ್ತಾರೆ. ಫ್ರೆಂಚ್ ಸರ್ಕಾರದ ಡೆಲ್ಫ್ ಪರೀಕ್ಷೆ ಬಿ2ವರೆಗೆ, ಡಾಲ್ಫ್ ಅದರ ಮೇಲೆ. ಪ್ರಮಾಣಪತ್ರಕ್ಕೆ ಅವಧಿ ಮಿತಿ ಇಲ್ಲ. ಹೈದರಾಬಾದ್, ಬೆಂಗಳೂರಿನ ಅಲಿಯಾನ್ಸ್ ಫ್ರಾಂಸೇಜ್ ಕೇಂದ್ರಗಳಲ್ಲಿ ಈ ಪರೀಕ್ಷೆ ಬರೆಯಬಹುದು. ಕಂಪನಿಗಳು ಸಾಮಾನ್ಯವಾಗಿ ಕೇಳುವುದು ಬಿ2. ಅಲ್ಲಿಗೆ ಮುಟ್ಟಲು ಸುಮಾರು 500ರಿಂದ 600 ತಾಸು ಪಾಠ ಬೇಕು. 'ಮೂರು ತಿಂಗಳಲ್ಲಿ ಫ್ರೆಂಚ್, ಕೈತುಂಬಾ ಸಂಬಳ' ಎಂದು ಫ್ಲೆಕ್ಸ್ ಹಾಕುವವರನ್ನು ಈ ಲೆಕ್ಕದಲ್ಲಿ ತೂಗಿ ನೋಡಿ, ಸಾಕು.

ಹೈದರಾಬಾದ್ ಮತ್ತು ಬೆಂಗಳೂರಿನಲ್ಲಿ ಕ್ಯಾಪ್‌ಜೆಮಿನಿಯಂಥ ಫ್ರೆಂಚ್ ಮೂಲದ ಕಂಪನಿಗಳಿವೆ. ಅದಕ್ಕಿಂತ ಹೆಚ್ಚು ಕೆಲಸ ಇರುವುದು ಬೇರೆ ದೇಶಗಳ ಬಿಲ್ಲು, ದೂರು, ಪತ್ರ ನೋಡಿಕೊಳ್ಳುವ ಬ್ಯಾಕ್ ಆಫೀಸ್‌ಗಳಲ್ಲಿ. ಔಷಧ ಕಂಪನಿಗಳು ಫ್ರೆಂಚ್ ಮಾತಾಡುವ ಆಫ್ರಿಕಾ ದೇಶಗಳಿಗೆ ಮಾಲು ಕಳಿಸುವಾಗ ಲೇಬಲ್, ಕಾಗದ ಪತ್ರ ಫ್ರೆಂಚಿನಲ್ಲೇ ಬೇಕು. ಬಿ.ಕಾಂ. ಅಥವಾ ಬಿ.ಫಾರ್ಮಾ ಮಾಡಿ ಜೊತೆಗೆ ಫ್ರೆಂಚ್ ಬಿ2 ಇದ್ದವರಿಗೆ ಇಲ್ಲಿ ಬರೀ ಫ್ರೆಂಚ್ ಓದಿದವರಿಗಿಂತ ಬೆಲೆ ಹೆಚ್ಚು ಅನ್ನುವುದು ನಮ್ಮ ಅಭಿಪ್ರಾಯ.

ಕಾಲೇಜಿನಲ್ಲಿ ಕಲಿಸಬೇಕೆಂದರೆ ಎಂ.ಎ. ಮಾಡಲೇಬೇಕಾಗುತ್ತದೆ. ದೊಡ್ಡ ಊರಿನ ಸಿಬಿಎಸ್‌ಇ ಶಾಲೆಗಳಲ್ಲಿ ಫ್ರೆಂಚ್ ಮೂರನೇ ಭಾಷೆಯಾಗಿ ನಡೆಯುತ್ತಾ ಬಂದಿದೆ. ಆದರೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಲ್ಲಿ ಎರಡು ಭಾರತೀಯ ಭಾಷೆ ಇರಬೇಕು ಎನ್ನುತ್ತದೆ. ಇಂಗ್ಲಿಷಿಗೆ ಒಂದು ಜಾಗ ಹೋದ ಮೇಲೆ ಫ್ರೆಂಚಿಗೆ ಉಳಿಯುವುದೇನು? ಶಾಲೆಯ ಕೆಲಸವನ್ನೇ ನಂಬಿ ಸೇರುವವರು ಇದನ್ನು ಯೋಚಿಸಬೇಕು.

ಕೆನಡಾ ಕನಸಿನವರಿಗೆ ಒಂದು ಮಾತು. ಕೆನಡಾ 2023ರಿಂದ ಫ್ರೆಂಚ್ ಬಲ್ಲವರಿಗೆ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಪ್ರತ್ಯೇಕ ಸುತ್ತು ನಡೆಸುತ್ತಿದೆ, ನಿಜ. ಆದರೆ ಅದಕ್ಕೆ ಬೇಕಾದದ್ದು ಟಿಇಎಫ್ ಅಥವಾ ಟಿಸಿಎಫ್ ಪರೀಕ್ಷೆಯ ಅಂಕ, ಜೊತೆಗೆ ಕೆಲಸದ ಅನುಭವ. ಫ್ರೆಂಚ್ ಬಿ.ಎ. ಬೇಕಿಲ್ಲ. ಅದಕ್ಕಾಗಿಯೇ ಈ ಪದವಿ ಸೇರಿಸುವುದು ಸುತ್ತು ಬಳಸಿದ ದಾರಿ.

ಮಗುವಿಗೆ ನಿಜವಾಗಿ ಒಲವಿದೆಯೇ ಎಂದು ನೋಡಲು ಖರ್ಚಿಲ್ಲದ ಉಪಾಯ ಇದೆ. ಫ್ರಾನ್ಸಿನ ಆರ್‌ಎಫ್‌ಐ ರೇಡಿಯೋ ಕಲಿಯುವವರಿಗಾಗಿ ಸರಳ ಫ್ರೆಂಚಿನಲ್ಲಿ ಹತ್ತು ನಿಮಿಷದ ಸುದ್ದಿ ಕೊಡುತ್ತದೆ, ಟಿವಿ5 ಮೋಂದ್ ಉಚಿತ ಪಾಠ ಇಟ್ಟಿದೆ. ಪಿಯು ಮೊದಲ ವರ್ಷದ ರಜೆಯಲ್ಲಿ ಎರಡು ತಿಂಗಳು ದಿನಕ್ಕೆ ಅರ್ಧ ತಾಸು ಕೂರಲಿ. ತಾನಾಗಿಯೇ ಕೂತರೆ ಮುಂದಿನ ಮಾತು ಆಡಿ.

ಸೇರಿಸುವುದು ಅಂತ ತೀರ್ಮಾನವಾದರೆ ಮೊದಲ ಕೆಲಸ ತಹಶೀಲ್ದಾರ್ ಕಚೇರಿಯಲ್ಲಿ. ಕೇಂದ್ರ ನಮೂನೆಯ ಒಬಿಸಿ ಅಥವಾ ಇಡಬ್ಲ್ಯುಎಸ್ ಪ್ರಮಾಣಪತ್ರ ಎಂದು ಬಿಡಿಸಿ ಹೇಳಿ. ಇಲ್ಲದಿದ್ದರೆ ರೂಢಿಯಂತೆ ರಾಜ್ಯದ ನಮೂನೆಯದ್ದೇ ಕೈಗೆ ಬರುತ್ತದೆ. ಇಡಬ್ಲ್ಯುಎಸ್ ಪತ್ರ ಆಯಾ ಹಣಕಾಸು ವರ್ಷದ್ದೇ ಆಗಿರಬೇಕು, ಆದ್ದರಿಂದ ಏಪ್ರಿಲ್ ಮೊದಲ ವಾರವೇ ಅರ್ಜಿ ಕೊಡುವುದು ಒಳ್ಳೆಯದು. ಆಧಾರ್ ಕಾರ್ಡಿನಲ್ಲಿರುವ ಹೆಸರು ಮತ್ತು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಹೆಸರು ಒಂದೇ ಇದೆಯೇ ಎಂಬುದನ್ನೂ ಸಿಯುಇಟಿ ಅರ್ಜಿ ತುಂಬುವ ಮೊದಲೇ ನೋಡಿಕೊಳ್ಳಿ.