ಮಿಲಿಟರಿಯಿಂದ ಬಂದ ಮಗ ಕಾಲೇಜಿಗೂ ಹೋಗಲಿ

ಮಗ ದುಬೈಗೆ ಹೋದ, ದಮ್ಮಾಮಿಗೆ ಹೋದ ಅನ್ನುವುದು ನಮ್ಮ ಮನೆಗಳಲ್ಲಿ ಮಾಮೂಲಿ ಸುದ್ದಿ. ಮಿಲಿಟರಿಗೆ ಹೋದ ಅನ್ನುವುದು ಅಪರೂಪ. ಆದರೂ ಹೋದವರಿದ್ದಾರೆ, ಹೋಗಬೇಕು ಅನ್ನುವ ಹುಡುಗರೂ ಇದ್ದಾರೆ. ಸೇರುವುದು ಹೇಗೆ ಅಂತ ಎಲ್ಲರೂ ಕೇಳ್ತಾರೆ. ವಾಪಸ್ ಬಂದ ಮೇಲೆ ಎಂತ ಮಾಡುದು ಅಂತ ಕೇಳುವವರು ಕಡಿಮೆ.

ಈಗ ಆ ಪ್ರಶ್ನೆ ಬೇಗ ಬರುತ್ತದೆ. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ಸೇವೆ ಇರುವುದು ನಾಲ್ಕೇ ವರ್ಷ. ಅದರ ನಂತರ ಸೇನೆಯಲ್ಲಿ ಉಳಿಯುವವರು ನೂರರಲ್ಲಿ 25 ಮಂದಿ ವರೆಗೆ. ಉಳಿದವರು ಊರಿಗೆ ಬರಬೇಕು. ಹದಿನೇಳೂವರೆ ವರ್ಷಕ್ಕೆ ಸೇರಿದವನಿಗೆ ಆಗ ಇಪ್ಪತ್ತೆರಡೂ ತುಂಬಿರುವುದಿಲ್ಲ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಕೈಯಲ್ಲಿ ಇರುವುದು ಪಿಯುಸಿ ಅಥವಾ ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡ್, ಮತ್ತೆ ಸೇವಾ ನಿಧಿಯ ಸುಮಾರು 11.71 ಲಕ್ಷ ರೂಪಾಯಿ.

ಆ ಹಣ ಯಾರದ್ದು?

ಆ ಹಣ ಸರಕಾರ ಪುಕ್ಕಟೆ ಕೊಟ್ಟದ್ದಲ್ಲ. ಪ್ರತಿ ತಿಂಗಳ ಸಂಬಳದಲ್ಲಿ ನೂರಕ್ಕೆ 30 ರೂಪಾಯಿ ಹುಡುಗನದ್ದೇ ಕಡಿತವಾಗಿದೆ. ಅಷ್ಟನ್ನೇ ಸರಕಾರ ಸೇರಿಸಿದೆ, ಮೇಲೆ ಬಡ್ಡಿ. ಹಣ ಬರುವ ಮೊದಲೇ ಮನೆಯಲ್ಲಿ ಅದಕ್ಕೆ ದಾರಿ ಹುಡುಕಿಟ್ಟಿರುತ್ತಾರೆ. ತಂಗಿಯ ಮದುವೆ, ಮನೆಗೆ ಮೇಲಂತಸ್ತು, ಒಂದು ಕಾರು. ಮದುವೆ ಬೇಡ ಅನ್ನುವ ಮಾತು ನನ್ನದಲ್ಲ. ಆದರೆ ಮೂರು ವರ್ಷದ ಕಾಲೇಜು ಫೀಸು, ಬಸ್ಸಿನ ಖರ್ಚು ತೆಗೆದಿಟ್ಟ ಮೇಲೆ ಉಳಿದದ್ದರ ಲೆಕ್ಕ ಹಾಕಿ. ಹಣ ಮುಗಿದ ಮೇಲೆ ಅವನಿಗೆ ಸಿಗುವುದು ಎಟಿಎಂ ಎದುರಿನ ಸೆಕ್ಯುರಿಟಿ ಕೆಲಸವೇ ಆಗಬಾರದು.

ಸಮಾನ ಅಂದರೆ ಡಿಗ್ರಿ ಅಲ್ಲ

ಹಳೇ ಪದ್ಧತಿಯಲ್ಲಿ ಸೇರಿ 15 ವರ್ಷ ಸೇವೆ ಮುಗಿಸಿದವರಿಗೆ ಇನ್ನೊಂದು ವಿಷಯ. ಹತ್ತನೇ ತರಗತಿ ಪಾಸಾದ ಸೈನಿಕ ಅಷ್ಟು ವರ್ಷ ದುಡಿದರೆ, ಕೇಂದ್ರ ಸರಕಾರದ ಗ್ರೂಪ್ ಸಿ ಕೆಲಸಗಳಲ್ಲಿ ಅವನನ್ನು ಪದವೀಧರನಿಗೆ ಸಮಾನ ಅಂತ ಪರಿಗಣಿಸುತ್ತಾರೆ. ತಾಂತ್ರಿಕ ಅನುಭವ ಬೇಕಾದ ಹುದ್ದೆಗೆ ಇದು ನಡೆಯುವುದಿಲ್ಲ. ಹಾಗೆ ಸಿಕ್ಕಿದ ಸರ್ಟಿಫಿಕೇಟನ್ನು ಕೆಲವರು ಬಿಎ ಅಂತಲೇ ತಿಳಿದು ಸುಮ್ಮನಾಗುತ್ತಾರೆ. ಅದು ಆ ಕೆಲಸಗಳಿಗೆ ಅರ್ಜಿ ಹಾಕಲಿಕ್ಕೆ ಇರುವ ಸೌಲಭ್ಯ, ವಿಶ್ವವಿದ್ಯಾನಿಲಯದ ಪದವಿ ಅಲ್ಲ. ಬಿಎಡ್, ಎಂಎ, ಎಲ್ಎಲ್‌ಬಿ ಮಾಡಬೇಕಾದರೆ ನಿಜವಾದ ಡಿಗ್ರಿಯೇ ಬೇಕು. ಗಲ್ಫಿನಲ್ಲಿಯೂ ಡಿಗ್ರಿ ಕೇಳುವ ಕೆಲಸಕ್ಕೆ ವಿಶ್ವವಿದ್ಯಾನಿಲಯದ ಸರ್ಟಿಫಿಕೇಟನ್ನೇ ಅಟೆಸ್ಟೇಶನ್ ಮಾಡಿಸಬೇಕಾಗುತ್ತದೆ.

ದಾರಿಗಳು ಇವೆ

ಅಗ್ನಿವೀರರಿಗಾಗಿ ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ, ಮೂರು ವರ್ಷದ ಪದವಿ ರೂಪಿಸಿದೆ. ಅದರ ಅರ್ಧದಷ್ಟು ಕ್ರೆಡಿಟ್ ಸೇನೆಯ ತರಬೇತಿಯಿಂದಲೇ ಸಿಗುತ್ತದೆ. ಇನ್ನರ್ಧಕ್ಕೆ ಭಾಷೆ, ಚರಿತ್ರೆ, ಅರ್ಥಶಾಸ್ತ್ರ, ವಾಣಿಜ್ಯದಂಥ ವಿಷಯ ಓದಬೇಕು. ಒಂದನೇ ವರ್ಷಕ್ಕೆ ನಿಲ್ಲಿಸಿದರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರು ಮುಗಿಸಿದರೆ ಡಿಗ್ರಿ. ಹತ್ತನೇ ತರಗತಿಗೇ ಸೇರಿದವರಿಗೆ ಹನ್ನೆರಡನೇ ತರಗತಿ ಮುಗಿಸಲು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ವ್ಯವಸ್ಥೆ ಇದೆ. ಸೇವೆಯಲ್ಲಿರುವಾಗಲೇ ಹೆಸರು ನೋಂದಾಯಿಸುವುದು ಒಳ್ಳೆಯದು.

ಮನೆಯ ಜವಾಬ್ದಾರಿ ಇದ್ದು ದಿನಾ ಕಾಲೇಜಿಗೆ ಹೋಗಲಿಕ್ಕೆ ಆಗದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೂ ಉಂಟು. ದೂರಶಿಕ್ಷಣ ಅಂತ ಯಾರೋ ಏಜೆಂಟ್ ಹೇಳಿದ ಕಡೆ ಹಣ ಕಟ್ಟಬೇಡಿ. ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯಾ ಅಂತ ಮೊದಲು ನೋಡಿ. ಬಿಡುಗಡೆಯ ದಾಖಲೆ, ತರಬೇತಿಯ ಸರ್ಟಿಫಿಕೇಟುಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಪಿಂಚಣಿ ಪಡೆದು ಬಂದ ಹಿರಿಯ ಸೈನಿಕರು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಹೆಸರು ಬರೆಸಲು ಮರೆಯಬಾರದು.

ನಾಚಿಕೆ ಯಾಕೆ?

"ಈ ವಯಸ್ಸಲ್ಲಿ ಸಣ್ಣ ಮಕ್ಕಳ ಜೊತೆ ಕೂತು ಎಂತ ಓದುದು?" ಅನ್ನುವ ಸಂಕೋಚ ಹೊಸದಲ್ಲ. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗಲೇ, 1944ರಲ್ಲಿ, ಅಮೆರಿಕ ಸರಕಾರ ಸೈನಿಕರ ಓದಿಗೆ ಫೀಸು, ಖರ್ಚು ಕೊಡುವ ಕಾನೂನು ತಂದಿತು. ಇವರಿಂದ ಓದಲಿಕ್ಕಾಗುತ್ತದಾ ಅಂತ ಅಲ್ಲಿನ ದೊಡ್ಡ ವಿಶ್ವವಿದ್ಯಾನಿಲಯಗಳ ಮುಖ್ಯಸ್ಥರೇ ಅನುಮಾನಪಟ್ಟಿದ್ದರು. ಆದರೆ ಸುಮಾರು 22 ಲಕ್ಷ ಮಾಜಿ ಸೈನಿಕರು ಕಾಲೇಜು ಸೇರಿದರು. ಹೆಂಡತಿ ಮಕ್ಕಳಿದ್ದವರೂ ಅದರಲ್ಲಿದ್ದರು. ಅವರು ಓದಿನಲ್ಲಿ ಹಿಂದೆ ಬೀಳಲಿಲ್ಲ, ಚೆನ್ನಾಗಿಯೇ ಪಾಸಾದರು.

ಬೆಳಿಗ್ಗೆ ಬೇಗ ಏಳುವುದು, ಹೇಳಿದ ಹೊತ್ತಿಗೆ ಹಾಜರಾಗುವುದು, ಹಿಡಿದ ಕೆಲಸ ಮುಗಿಸುವುದು ಸೈನಿಕನಿಗೆ ಅಭ್ಯಾಸವಾಗಿರುತ್ತದೆ. ವಿದ್ಯಾರ್ಥಿಗೆ ಬೇಕಾದ್ದೂ ಇವೇ. ಮಗ ಬ್ಯಾಗು ಇಳಿಸಿದ ದಿನವೇ ವೀಸಾದ ಮಾತು ಎತ್ತಬೇಡಿ. ಉಮ್ಮ, ಬಾಪ ಇಬ್ಬರೂ ಕೂತು, "ಮೋನೇ, ನಿನಗೆ ಮುಂದೆ ಓದ್ಲಿಕ್ಕೆ ಮನಸ್ಸುಂಟಾ?" ಅಂತ ಒಂದು ಮಾತು ಕೇಳಿ. ಉಂಟು ಅಂದರೆ ಮೂರು ವರ್ಷ ಅವನ ಸಂಪಾದನೆಗೆ ಕಾಯುವ ತಾಳ್ಮೆ ಮನೆಯವರಿಗೆ ಇರಲಿ.