ವಿದೇಶ ವ್ಯಾಸಂಗ ಮತ್ತು ಕ್ಷಯ ಪರೀಕ್ಷೆ

ಹನ್ನೆರಡನೆಯ ತರಗತಿ ಮುಗಿಸಿ ಕಡಲಾಚೆಯ ವಿಶ್ವವಿದ್ಯಾಲಯಕ್ಕೆ ಹೊರಡಬೇಕೆಂದಿರುವ ಮಕ್ಕಳ ಮನೆಗಳಲ್ಲಿ ಮಾತು ನಡೆಯುವುದೆಲ್ಲ ಅಂಕಗಳ ಕುರಿತು, ಇಂಗ್ಲಿಷ್ ಭಾಷಾ ಪರೀಕ್ಷೆಯ ಕುರಿತು, ಬ್ಯಾಂಕಿನ ಸಾಲದ ಕುರಿತು. ಇವುಗಳ ಜೊತೆಗೆ ಇನ್ನೊಂದು ಪರೀಕ್ಷೆಯಿದೆ. ಅದಕ್ಕೆ ರಾತ್ರಿಯೆಲ್ಲ ಓದಿದರೂ ಪ್ರಯೋಜನವಿಲ್ಲ. ಎದೆಯ ಕ್ಷ-ಕಿರಣ ಚಿತ್ರ ತೆಗೆಸಿಕೊಂಡು, ಶ್ವಾಸಕೋಶದಲ್ಲಿ ಕ್ಷಯರೋಗವಿಲ್ಲವೆಂದು ಪ್ರಮಾಣಪತ್ರ ಪಡೆಯುವ ಪರೀಕ್ಷೆ ಅದು. ಆರು ತಿಂಗಳಿಗಿಂತ ಹೆಚ್ಚು ಕಾಲ ಬ್ರಿಟನ್ನಿನಲ್ಲಿ ನೆಲಸಲು ಹೊರಟ ಭಾರತೀಯ ವಿದ್ಯಾರ್ಥಿಗೆ ಈ ಪತ್ರವಿಲ್ಲದೆ ವೀಸಾ ದೊರೆಯುವುದಿಲ್ಲ. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ದೇಶಗಳೂ ದೀರ್ಘಕಾಲದ ವ್ಯಾಸಂಗಕ್ಕೆ ಬರುವ ಭಾರತೀಯರಿಂದ ಎದೆಯ ಚಿತ್ರವನ್ನು ಕೇಳುತ್ತವೆ. ಅಮೆರಿಕಾ ದೇಶವು ವಿದ್ಯಾರ್ಥಿ ವೀಸಾಕ್ಕೆ ಸಾಮಾನ್ಯವಾಗಿ ವೈದ್ಯಕೀಯ ತಪಾಸಣೆಯನ್ನು ವಿಧಿಸುವುದಿಲ್ಲ. ಆದರೆ ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ಭಾರತದಂಥ ದೇಶಗಳಿಂದ ಬಂದವರಿಗೆ ಕ್ಷಯ ಪರೀಕ್ಷೆಯನ್ನು ತಾವೇ ಕಡ್ಡಾಯ ಮಾಡಿವೆ.

ಈ ವಿಷಯ ಧಾರಾವಿಯ ಕನ್ನಡ ಕುಟುಂಬಗಳಿಗೆ ಇತರರಿಗಿಂತ ಹೆಚ್ಚು ಹತ್ತಿರದ್ದು. ಸುಮಾರು ಎರಡೂವರೆ ಚದರ ಕಿಲೋಮೀಟರಿನಷ್ಟು ನೆಲದಲ್ಲಿ ಏಳೆಂಟು ಲಕ್ಷದಿಂದ ಹತ್ತು ಲಕ್ಷದವರೆಗೆ ಜನರಿದ್ದಾರೆಂದು ಅಂದಾಜು ಮಾಡಲಾಗುವ ಈ ವಸತಿಯಲ್ಲಿ, ಕಲಬುರ್ಗಿ, ವಿಜಯಪುರಗಳ ಕಡೆಯಿಂದ ಬಂದು ಚರ್ಮದ ಕೆಲಸ, ಹೊಲಿಗೆಯ ಕೆಲಸ, ಗಾರೆಯ ಕೆಲಸಗಳಲ್ಲಿ ಬೆವರು ಸುರಿಸಿದವರ ಮೂರನೆಯ ತಲೆಮಾರು ಈಗ ಕಾಲೇಜಿನ ಮೆಟ್ಟಲು ಹತ್ತಿದೆ. ಒಂದೇ ಖೋಲಿ, ಒಂದೇ ಬಾಗಿಲು, ಕಿಟಕಿಯಿದ್ದರೂ ಅದು ಎದುರು ಮನೆಯ ಗೋಡೆಗೆ ತೆರೆಯುವಂಥದು. ಮೇಲಿನ ಮಾಳಿಗೆಯಲ್ಲಿ ಹೊಲಿಗೆ ಯಂತ್ರಗಳು, ಕೆಳಗೆ ಅಡಿಗೆ, ನಡುವೆ ಪುಸ್ತಕ ಹಿಡಿದ ಹುಡುಗಿ. ಗಾಳಿ ಬೆಳಕುಗಳ ಈ ಅಭಾವವೇ ಕ್ಷಯಕ್ಕೆ ಬೇಕಾದದ್ದು.

ಇಂಥ ಖೋಲಿಗಳಿಂದ ಪರದೇಶಕ್ಕೆ ಹೋಗುವುದು ಸಾಧ್ಯವೇ ಎಂದು ಕೇಳುವವರಿಗೆ ಮುಂಬಯಿ ನಗರವೇ ಬಹಳ ಹಿಂದೆ ಉತ್ತರ ಕೊಟ್ಟಿದೆ. ಪರೇಲಿನ ಕಾರ್ಮಿಕರ ಚಾಳಿನಲ್ಲಿದ್ದುಕೊಂಡು ಎಲ್ಫಿನ್‌ಸ್ಟನ್ ಶಾಲೆಯಲ್ಲಿ ಓದಿದ ಭೀಮರಾವ್ ಅಂಬೇಡ್ಕರರು 1907ರಲ್ಲಿ ಮೆಟ್ರಿಕ್ಯುಲೇಶನ್ ಮುಗಿಸಿ, 1912ರಲ್ಲಿ ಪದವೀಧರರಾಗಿ, ಬರೋಡೆಯ ಮಹಾರಾಜರ ವಿದ್ಯಾರ್ಥಿವೇತನದಿಂದ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯವನ್ನು ಸೇರಿದರು. ಇಂದಿಗೂ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗಾಗಿ ಕೇಂದ್ರ ಸರಕಾರದ ರಾಷ್ಟ್ರೀಯ ವಿದೇಶ ವಿದ್ಯಾರ್ಥಿವೇತನ, ಮಹಾರಾಷ್ಟ್ರ ಸರಕಾರದ ರಾಜರ್ಷಿ ಶಾಹು ಮಹಾರಾಜರ ಹೆಸರಿನ ವಿದೇಶ ವಿದ್ಯಾರ್ಥಿವೇತನ ಇವೆ. ಆದರೆ ಇವೆರಡೂ ಸ್ನಾತಕೋತ್ತರ ಮತ್ತು ಪಿಎಚ್.ಡಿ. ವ್ಯಾಸಂಗಕ್ಕೆ ಮೀಸಲು ಎಂಬುದನ್ನು ಹನ್ನೆರಡನೆಯ ತರಗತಿಯವರು ಮೊದಲೇ ತಿಳಿದಿರುವುದು ಒಳ್ಳೆಯದು. ಪದವಿಗೆ ಮುನ್ನ ಹೊರಡುವವರು ಆಯಾ ವಿಶ್ವವಿದ್ಯಾಲಯ ಕೊಡುವ ಸಹಾಯಧನವನ್ನೋ ಸಾಲವನ್ನೋ ನೆಚ್ಚಬೇಕು. ಸಾಲ ಮಾಡಿ ಮುಂಗಡ ಶುಲ್ಕ ಕಟ್ಟಿದ ಮೇಲೆ ಎದೆಯ ಚಿತ್ರದಲ್ಲಿ ನೆರಳೊಂದು ಕಾಣಿಸಿಕೊಂಡರೆ ಆ ಮನೆಗೆ ಬರುವ ಸಂಕಟ ಸಣ್ಣದಲ್ಲ.

ಹಾಗೆಂದು ಈ ಪರೀಕ್ಷೆಯನ್ನು ಕೇವಲ ಪರದೇಶದವರ ಕಾಟವೆಂದು ಬಗೆಯುವುದೂ ಸರಿಯಲ್ಲ. ಗಣಿತಜ್ಞ ಶ್ರೀನಿವಾಸ ರಾಮಾನುಜನ್ 1914ರಲ್ಲಿ ಕೇಂಬ್ರಿಜಿಗೆ ಹೋದರು; 1917ರಲ್ಲಿ ಹಾಸಿಗೆ ಹಿಡಿದರು; ಯುದ್ಧಕಾಲದ ಆ ದೇಶದಲ್ಲಿ ಸಸ್ಯಾಹಾರಕ್ಕೂ ಕಷ್ಟಪಟ್ಟು, ಒಂದು ಆರೋಗ್ಯಧಾಮದಿಂದ ಇನ್ನೊಂದಕ್ಕೆ ಅಲೆದು, 1919ರಲ್ಲಿ ಸ್ವದೇಶಕ್ಕೆ ಮರಳಿ, 1920ರ ಏಪ್ರಿಲ್ 26ರಂದು ಮೂವತ್ತೆರಡರ ಹರೆಯದಲ್ಲೇ ತೀರಿಕೊಂಡರು. ಅಂದಿನ ವೈದ್ಯರು ಕ್ಷಯವೆಂದೇ ಚಿಕಿತ್ಸೆ ಮಾಡಿದರು. ಅದು ಯಕೃತ್ತಿಗೆ ತಗುಲಿದ ಆಮಶಂಕೆಯ ರೋಗಾಣುವಿನ ಬಾಧೆಯಾಗಿದ್ದೀತೆಂದು ಈಚಿನ ವೈದ್ಯರೊಬ್ಬರು ಎಲ್ಲ ದಾಖಲೆಗಳನ್ನು ಪರಿಶೀಲಿಸಿ 1994ರಲ್ಲಿ ವಾದಿಸಿದ್ದಾರೆ. ಯಾವುದೇ ಆಗಿರಲಿ, ರೋಗವೇನೆಂದು ಹೊರಡುವ ಮುನ್ನವೇ ತಿಳಿದುಕೊಳ್ಳುವ ಅನುಕೂಲ ಆ ಮಹಾನುಭಾವರಿಗಿರಲಿಲ್ಲ; ಇಂದಿನ ವಿದ್ಯಾರ್ಥಿಗಿದೆ.

ರಾಜಯಕ್ಷ್ಮವೆಂದು ಆಯುರ್ವೇದವು ಕರೆದ ಈ ರೋಗಕ್ಕೆ ಕಾರಣವಾದ ರೋಗಾಣುವನ್ನು ಜರ್ಮನಿಯ ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಲೋಕಕ್ಕೆ ತಿಳಿಸಿದರು. ಶ್ವಾಸಕೋಶದ ಕ್ಷಯವಿರುವ ವ್ಯಕ್ತಿ ಕೆಮ್ಮಿದಾಗ, ಸೀನಿದಾಗ, ಗಟ್ಟಿಯಾಗಿ ಮಾತನಾಡಿದಾಗ ಹೊರಬೀಳುವ ಸೂಕ್ಷ್ಮ ಹನಿಗಳಲ್ಲಿ ಅದು ಗಾಳಿಯನ್ನು ಸೇರುತ್ತದೆ. ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತಿರಬಲ್ಲದು; ನೇರ ಬಿಸಿಲಿಗೆ ಸಾಯುತ್ತದೆ. ತಟ್ಟೆ ಲೋಟಗಳಿಂದ, ಬಟ್ಟೆಬರೆಗಳಿಂದ, ಕೈ ಕುಲುಕುವುದರಿಂದ ಅದು ಹರಡುವುದಿಲ್ಲ. ರೋಗಿಯ ತಟ್ಟೆಯನ್ನು ಬೇರೆ ಇಟ್ಟು, ಕಿಟಕಿಯನ್ನು ಮಾತ್ರ ಮುಚ್ಚಿಯೇ ಇಡುವ ಮನೆಗಳು ಈಗಲೂ ಇವೆ.

ಇಲ್ಲಿ ಸ್ಪಷ್ಟವಾಗಿ ಗ್ರಹಿಸಬೇಕಾದ ಭೇದವೊಂದುಂಟು. ರೋಗಾಣು ದೇಹವನ್ನು ಹೊಕ್ಕ ಮಾತ್ರಕ್ಕೆ ರೋಗ ಬಂದಂತಲ್ಲ. ಜಗತ್ತಿನ ಜನರಲ್ಲಿ ಸುಮಾರು ಕಾಲು ಭಾಗದವರ ದೇಹದೊಳಗೆ ಅದು ಹೊಕ್ಕಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಮಾತ್ರ ಜೀವಮಾನದಲ್ಲೆಂದಾದರೂ ರೋಗ ಕಾಣಿಸಿಕೊಳ್ಳುತ್ತದೆ. ಉಳಿದವರಲ್ಲಿ ರೋಗಾಣು ಬೂದಿ ಮುಚ್ಚಿದ ಕೆಂಡದಂತೆ ಅಡಗಿರುತ್ತದೆ. ಅವರಿಗೆ ಕೆಮ್ಮಿಲ್ಲ, ಜ್ವರವಿಲ್ಲ. ಅವರಿಂದ ಇತರರಿಗೆ ಹರಡುವುದೂ ಇಲ್ಲ. ಪರದೇಶದ ವೀಸಾವನ್ನು ತಡೆಯುವುದು ಅರಳಿದ ರೋಗ, ಅಡಗಿದ ಸೋಂಕಲ್ಲ. ಚರ್ಮದ ಪರೀಕ್ಷೆಯಲ್ಲಿ ಮುಂಗೈ ಊದಿಕೊಂಡಿತೆಂದು ಮಗುವಿನ ಭವಿಷ್ಯವೇ ಮುಳುಗಿತೆಂದು ಅಳುವ ತಂದೆತಾಯಿಗಳು ಇದನ್ನು ಮರೆಯಬಾರದು.

ಆ ಚರ್ಮದ ಪರೀಕ್ಷೆಯ ವಿಚಾರವಾಗಿಯೂ ನಾಲ್ಕು ಮಾತು ಅಗತ್ಯ. ಮಾಂಟೂ ಪರೀಕ್ಷೆಯೆಂಬ ಹೆಸರಿನ ಇದರಲ್ಲಿ ಮುಂಗೈಯ ಚರ್ಮದೊಳಕ್ಕೆ ಔಷಧದ ಒಂದು ಹನಿ ಸೇರಿಸಿ, ಎರಡು ಮೂರು ದಿನಗಳ ನಂತರ ಗಟ್ಟಿಯಾದ ಭಾಗವನ್ನು ಅಳೆಯುತ್ತಾರೆ. ಭಾರತದಲ್ಲಿ ಶಿಶುವಿಗೆ ಹುಟ್ಟಿದೊಡನೆ ಬಿ.ಸಿ.ಜಿ. ಚುಚ್ಚುಮದ್ದು ಹಾಕುವ ರೂಢಿಯಿರುವುದರಿಂದ, ಆ ಮದ್ದಿನ ಪ್ರಭಾವವೇ ಕೆಲವೊಮ್ಮೆ ಊತವಾಗಿ ಕಾಣುತ್ತದೆ. ಆದಕಾರಣ ಬಿ.ಸಿ.ಜಿ. ಪಡೆದವರಿಗೆ ಅಮೆರಿಕಾದಲ್ಲಿ ‘ಇಗ್ರಾ’ ಎಂಬ ರಕ್ತಪರೀಕ್ಷೆಗೆ ಮನ್ನಣೆ ಹೆಚ್ಚು. ಬಿ.ಸಿ.ಜಿ. ಮದ್ದಿನಲ್ಲಿಲ್ಲದ ಅಂಶಗಳಿಗೆ ರಕ್ತ ಹೇಗೆ ಪ್ರತಿಕ್ರಿಯಿಸುತ್ತದೆಂಬುದನ್ನು ಅದು ನೋಡುತ್ತದೆ.

ಬ್ರಿಟನ್ನಿಗೆ ಬೇಕಾದ ಪ್ರಮಾಣಪತ್ರವನ್ನು ಮನೆಯ ಡಾಕ್ಟರು ಕೊಡಲಾರರು. ಆ ಸರಕಾರ ಮಾನ್ಯಮಾಡಿದ ಚಿಕಿತ್ಸಾಲಯಗಳೇ ಕೊಡಬೇಕು. ಚಿತ್ರ ಶುಭ್ರವಾಗಿದ್ದರೆ ಪತ್ರ ಬೇಗ ಕೈಸೇರುತ್ತದೆ. ಅದರ ಆಯುಸ್ಸು ಆರು ತಿಂಗಳು. ಚಿತ್ರದಲ್ಲಿ ಸಂಶಯ ಹುಟ್ಟಿದರೆ ಕಫದ ಮಾದರಿಗಳನ್ನು ಕೇಳುತ್ತಾರೆ. ಮುಂಬಯಿಯ ಸರಕಾರಿ ಆಸ್ಪತ್ರೆಗಳಲ್ಲೂ ಈಗ ಕಫದಲ್ಲಿನ ರೋಗಾಣುವಿನ ವಂಶವಾಹಿಯನ್ನೇ ಗುರುತಿಸಿ ಎರಡು ಗಂಟೆಗಳಲ್ಲಿ ಫಲಿತಾಂಶ ಕೊಡುವ ಯಂತ್ರಗಳಿವೆ. ಆದರೆ ವೀಸಾದ ಕಫಪರೀಕ್ಷೆಗೆ ರೋಗಾಣುವನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ನೋಡಲೇಬೇಕು. ಬಹು ಮೆಲ್ಲನೆ ಬೆಳೆಯುವ ಜೀವಿಯಾದ್ದರಿಂದ ಅದಕ್ಕೆ ಎರಡು ತಿಂಗಳು ಹಿಡಿಯುತ್ತದೆ. ಹನ್ನೆರಡನೆಯ ತರಗತಿಯ ಫಲಿತಾಂಶ ಬರುವುದು ಮೇ ತಿಂಗಳ ಸುಮಾರಿಗೆ. ಕಾಲೇಜು ತೆರೆಯುವುದು ಸೆಪ್ಟೆಂಬರಿನಲ್ಲಿ. ಜುಲೈ ಕೊನೆಯಲ್ಲಿ ಪರೀಕ್ಷೆಗೆ ಹೋದ ವಿದ್ಯಾರ್ಥಿಯ ಚಿತ್ರದಲ್ಲಿ ಬಾಲ್ಯದ ಒಂದು ಹಳೆಯ ಕಲೆ ಕಂಡರೂ ಸಾಕು, ಆ ವರ್ಷದ ಸೀಟು ಕೈತಪ್ಪುತ್ತದೆ. ರೋಗವಿಲ್ಲದಿದ್ದರೂ ಹೀಗಾಗಬಹುದೆಂಬುದೇ ಕಷ್ಟದ ಸಂಗತಿ.

ಇದಕ್ಕೆ ಉಪಾಯ ಹನ್ನೊಂದನೆಯ ತರಗತಿಯ ಬೇಸಗೆ ರಜೆಯಲ್ಲಿದೆ. ಮನೆಯಲ್ಲಿ ಯಾರಿಗಾದರೂ ಹಿಂದೆ ಕ್ಷಯ ಬಂದಿದ್ದರೆ, ಅಥವಾ ವಿದ್ಯಾರ್ಥಿಗೆ ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು, ತೂಕದ ಇಳಿತ, ಕೊರಳಿನಲ್ಲಿ ಗಂಟು ಇವುಗಳಲ್ಲಿ ಯಾವುದೇ ಒಂದಿದ್ದರೂ ಸಾಯನ್ನಿನ ಲೋಕಮಾನ್ಯ ತಿಲಕ ಆಸ್ಪತ್ರೆಯಲ್ಲೋ ಸಮೀಪದ ಪಾಲಿಕೆಯ ಔಷಧಾಲಯದಲ್ಲೋ ಆಗಲೇ ತೋರಿಸಬೇಕು. ಪರೀಕ್ಷೆಯ ಓದಿನಿಂದ ಸೊರಗಿದ್ದಾಳೆಂದು ತಾಯಂದಿರು ಹೇಳುವ ತೂಕದ ಇಳಿತ ಎಷ್ಟೋ ಸಲ ಓದಿನದಾಗಿರುವುದಿಲ್ಲ. ಔಷಧದಂಗಡಿಯಿಂದ ತಾವೇ ತಂದು ನುಂಗುವ ಲೆವೊಫ್ಲಾಕ್ಸಸಿನ್‌ನಂಥ ಗುಳಿಗೆಗಳು ಕ್ಷಯವನ್ನು ಕೆಲದಿನ ಅದುಮಿಟ್ಟು ಪರೀಕ್ಷೆಯ ಕಣ್ಣಿಗೆ ಮಣ್ಣೆರಚುತ್ತವೆ. ಮುಂದೆ ಅದೇ ವರ್ಗದ ಔಷಧ ನಾಟದಂತೆಯೂ ಮಾಡಬಲ್ಲವು.

ಕೆಮ್ಮಿನ ಔಷಧದ ಈ ಕತೆ ಹಳೆಯದು. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿ ಪಟ್ಟಣಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಅಚ್ಚರಿಯ ಸಂಗತಿ ಹೊರಬಿತ್ತು. ಹಳ್ಳಿಗರು ಅಜ್ಞಾನದಿಂದ ಆಸ್ಪತ್ರೆಗೆ ಬರುವುದಿಲ್ಲವೆಂಬುದು ಅಂದಿನ ನಂಬಿಕೆ. ವಾಸ್ತವವಾಗಿ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು. ಕೆಮ್ಮಿನ ಔಷಧದ ಸೀಸೆಯೊಂದನ್ನು ಕೈಗಿತ್ತು ಅವರನ್ನು ಹಿಂದಕ್ಕೆ ಕಳುಹಿಸಲಾಗಿತ್ತು. ಕಫವನ್ನು ಪರೀಕ್ಷಿಸಿರೆಂದು ರೋಗಿಯೇ ಕೇಳಬೇಕಾದ ಕಾಲ ಇನ್ನೂ ಮುಗಿದಿಲ್ಲ.

ರೋಗವೇ ಎಂದು ಖಚಿತವಾದರೆ? ಔಷಧ ನಾಟುವ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ, ಗುಳಿಗೆಗಳು ಉಚಿತ. ಆಹಾರಕ್ಕೆಂದು ಸರಕಾರ ರೋಗಿಯ ಬ್ಯಾಂಕ್ ಖಾತೆಗೆ ಕಟ್ಟುವ ಮೊತ್ತ 2018ರಲ್ಲಿ ತಿಂಗಳಿಗೆ 500 ರೂಪಾಯಿಯಿದ್ದುದು 2024ರ ನವೆಂಬರಿನಿಂದ 1000 ರೂಪಾಯಿಯಾಗಿದೆ. ಶಿವಡಿಯ ಆಸ್ಪತ್ರೆಗೆ ಸೇರಿಸಿಯೇ ತೀರಬೇಕೆಂದಿಲ್ಲ. ಮನೆಯಲ್ಲಿದ್ದುಕೊಂಡು ಗುಳಿಗೆ ನುಂಗಿದರೂ ಗುಣವಾಗುತ್ತದೆಂಬುದನ್ನು ಮದರಾಸಿನಲ್ಲಿ 1956ರಲ್ಲಿ ಆರಂಭವಾದ ಪ್ರಯೋಗವು ಜಗತ್ತಿಗೇ ತೋರಿಸಿಕೊಟ್ಟಿತು. ಔಷಧ ನಾಟದ ಕ್ಷಯದ ಮಾತು ಬೇರೆ. ಧಾರಾವಿಯ ಪಕ್ಕದ ಮಾಹಿಮಿನ ಹಿಂದೂಜಾ ಆಸ್ಪತ್ರೆಯ ಡಾ. ಜರೀರ್ ಉದ್ವಾಡಿಯಾ ಅವರು 2011ರ ಕೊನೆಯಲ್ಲಿ ಯಾವ ಔಷಧಕ್ಕೂ ಬಗ್ಗದ ಕ್ಷಯದ ರೋಗಿಗಳ ವರದಿ ಪ್ರಕಟಿಸಿದಾಗ ದೇಶವೇ ಬೆಚ್ಚಿತ್ತು. ಆಗ ಇಂಥ ರೋಗಕ್ಕೆ ಎರಡು ವರ್ಷಗಳವರೆಗೆ ಚಿಕಿತ್ಸೆ ನಡೆಯುತ್ತಿತ್ತು. 2024ರಲ್ಲಿ ಭಾರತ ಸರಕಾರ ಒಪ್ಪಿಗೆಯಿತ್ತ ಹೊಸ ಔಷಧಗಳ ಕೂಟವು ಅನೇಕರಿಗೆ ಅದನ್ನು ಆರು ತಿಂಗಳಿಗೆ ಇಳಿಸಿದೆ.

ಚಿಕಿತ್ಸೆ ಪೂರ್ಣಗೊಳಿಸಿದವರಿಗೆ ಪರದೇಶದ ಬಾಗಿಲು ಶಾಶ್ವತವಾಗಿ ಮುಚ್ಚುವುದಿಲ್ಲ. ಮತ್ತೆ ಪರೀಕ್ಷೆಗೆ ಹೋಗಿ ಪ್ರಮಾಣಪತ್ರ ಪಡೆಯಬಹುದು. ಆಗ ನೆರವಿಗೆ ಬರುವುದು ಚಿಕಿತ್ಸೆಯ ಕಾರ್ಡು, ಹಳೆಯ ಕ್ಷ-ಕಿರಣ ಚಿತ್ರಗಳು, ಕಫಪರೀಕ್ಷೆಯ ಚೀಟಿಗಳು. ಇವನ್ನೆಲ್ಲ ನಾಚಿಕೆಯಿಂದ ಹರಿದೆಸೆಯುವ ಮನೆಗಳೇ ಹೆಚ್ಚು, ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ. ಮದುವೆಗೆ ಅಡ್ಡಿಯಾದೀತೆಂದು ಅಡಗಿಸಿಟ್ಟ ರೋಗ ಎದೆಯ ಚಿತ್ರದಲ್ಲಿ ತಾನಾಗಿ ಮಾತನಾಡುತ್ತದೆ. ಹಿಂದೆ ಚಿಕಿತ್ಸೆಯಾಗಿತ್ತೇ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಬರೆದಿದ್ದರೆ, ರೋಗಕ್ಕಿಂತ ಆ ಸುಳ್ಳೇ ದೊಡ್ಡ ತೊಡಕಾಗುತ್ತದೆ. 2020ರ ಏಪ್ರಿಲಿನಲ್ಲಿ ಮೊದಲ ಕೊರೊನಾ ರೋಗಿ ಪತ್ತೆಯಾದಾಗ, ಮನೆಮನೆಗೆ ಬಂದವರ ಮುಂದೆ ಜ್ವರವನ್ನು ಬಚ್ಚಿಡದೆ ಹೇಳಿದ ಧಾರಾವಿಗೆ ಈ ಸಂಕೋಚ ಒಪ್ಪುವಂಥದಲ್ಲ.

ಅಮೆರಿಕಾಕ್ಕೆ ಹೋಗುವವರು ಲಸಿಕೆಗಳತ್ತಲೂ ಗಮನ ಕೊಡಬೇಕು. ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಎಂ.ಎಂ.ಆರ್. ಲಸಿಕೆಯ ಎರಡು ಡೋಸುಗಳನ್ನು ಅಲ್ಲಿನ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಕೇಳುತ್ತವೆ. ಭಾರತದ ಸರಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಮಂಗನಬಾವಿನ ಲಸಿಕೆ ಸೇರಿಲ್ಲ. ಹೀಗಾಗಿ ಪಾಲಿಕೆಯ ಔಷಧಾಲಯದಲ್ಲಿ ತಪ್ಪದೆ ಲಸಿಕೆ ಹಾಕಿಸಿಕೊಂಡ ಮಗುವಿಗೂ ಇದು ಬಾಕಿಯಿರುತ್ತದೆ. ಎರಡು ಡೋಸುಗಳ ನಡುವೆ ಕನಿಷ್ಠ 28 ದಿನಗಳ ಅಂತರ ಬೇಕು. ಈ ಲಸಿಕೆ ಕ್ಷಯದ ಪರೀಕ್ಷೆಯ ಫಲಿತಾಂಶವನ್ನು ತಾತ್ಕಾಲಿಕವಾಗಿ ಮಂಕಾಗಿಸಬಲ್ಲದು. ಆದ್ದರಿಂದ ಎರಡನ್ನೂ ಒಂದೇ ದಿನ ಮಾಡಿಸಬೇಕು, ಇಲ್ಲವೇ ಲಸಿಕೆಯ ನಂತರ ನಾಲ್ಕಾರು ವಾರ ತಾಳಬೇಕು. ಬಾಲ್ಯದ ಲಸಿಕೆಯ ಕಾರ್ಡು ಮಳೆಗಾಲದ ನೀರಿನಲ್ಲಿ ಕೊಚ್ಚಿಹೋಗಿದ್ದರೆ ರಕ್ತದಲ್ಲಿನ ರೋಗನಿರೋಧಕಾಂಶವನ್ನು ಅಳೆಸಿ ತೋರಿಸುವ ದಾರಿಯೂ ಉಂಟು.

ಏಪ್ರಿಲಿನಲ್ಲಿ ಚಿಕಿತ್ಸೆ ಆರಂಭಿಸಿದವರಿಗೆ ಅಕ್ಟೋಬರಿನಲ್ಲಿ ಅದು ಮುಗಿಯುತ್ತದೆ. ಬ್ರಿಟನ್, ಕೆನಡಾಗಳ ಹಲವು ವಿಶ್ವವಿದ್ಯಾಲಯಗಳಲ್ಲಿ ಜನವರಿಯಲ್ಲಿಯೂ ಪ್ರವೇಶವಿರುತ್ತದೆ. ವೈದ್ಯಕೀಯ ಕಾರಣವನ್ನು ಸಕಾಲದಲ್ಲಿ ಬರೆದು ತಿಳಿಸಿದರೆ ಸೀಟನ್ನು ಮುಂದಿನ ಅವಧಿಗೆ ಕಾಯ್ದಿರಿಸುವ ಪದ್ಧತಿಯೂ ಅನೇಕ ಕಡೆ ಇದೆ. ಆ ಪತ್ರವನ್ನು ಬರೆಯುವ ಮುನ್ನ ಮನೆಯ ಉಳಿದವರೆಲ್ಲರೂ ಒಮ್ಮೆ ಎದೆಯ ಚಿತ್ರ ತೆಗೆಸಿಕೊಳ್ಳಬೇಕು. ಹದಿನೇಳರ ಹುಡುಗಿಗೆ ಬಂದ ಕ್ಷಯ ಅದೇ ಖೋಲಿಯಲ್ಲಿ ಕೆಮ್ಮುತ್ತಿರುವ ಇನ್ನೊಬ್ಬರಿಂದ ಬಂದಿರಬಹುದು.